ಎಫ್ 9 ಒತ್ತಿ, ನಿದ್ದೆ ಮಾಡಿ

ಕೇಳುಗರಿಗೆಲ್ಲ ನಮಸ್ಕಾರ. ಪ್ರಾಜೆಕ್ಟ್ ರಿಪೋರ್ಟೋ, ಥೀಸಿಸ್ಸೋ, ಊರಿನ ಇತಿಹಾಸದ ಪುಸ್ತಕವೋ, ಅಂತೂ ವರ್ಡ್‌ನಲ್ಲಿ ಟೈಪ್ ಮಾಡುತ್ತಾ ಕೂತವರು ಈಗ ರೇಡಿಯೋ ಕೇಳುತ್ತಿದ್ದರೆ ಒಂದು ನಿಮಿಷ ಕೈ ನಿಲ್ಲಿಸಿ. ನಾನು ಹೇಳಲು ಬಂದಿರುವುದು ಒಂದೇ ಮಾತು. ಚಿತ್ರದ ಕೆಳಗಿನ ನಂಬರನ್ನು ಕೈಯಲ್ಲಿ ಟೈಪ್ ಮಾಡಬೇಡಿ.

ನನ್ನದು ಡಿಟಿಪಿ ಅಂಗಡಿ. ಒಮ್ಮೆ ಸಂಜೆ ಏಳಕ್ಕೆ, ಷಟರ್ ಎಳೆಯುವ ಹೊತ್ತಿಗೆ, ಒಬ್ಬ ಹುಡುಗಿ ಪೆನ್‌ಡ್ರೈವ್ ಹಿಡಿದು ಓಡಿಬಂದಳು. ಕೆರೆಗಳ ಮೇಲೆ ಸಂಶೋಧನೆ. 64 ಚಿತ್ರ. ಮರುದಿನ ಬೈಂಡಿಂಗ್. ಅವತ್ತು ಮಧ್ಯಾಹ್ನ ಗೈಡ್ "ಏಳನೇ ಚಿತ್ರ ಬೇಡಮ್ಮ, ತೆಗೆದುಬಿಡು" ಅಂದಿದ್ದರಂತೆ. ತೆಗೆಯುವುದೇನೋ ಸುಲಭ. ಆದರೆ ಎಂಟು ಏಳಾಗಬೇಕು, ಒಂಬತ್ತು ಎಂಟಾಗಬೇಕು, ಹೀಗೆ 64ರವರೆಗೆ. ಈಕೆ ಜಾಣೆ. ಫೈಂಡ್ ರಿಪ್ಲೇಸ್ ತೆರೆದು 8 ಇದ್ದಲ್ಲೆಲ್ಲ 7, ಆಮೇಲೆ 9 ಇದ್ದಲ್ಲೆಲ್ಲ 8 ಅಂತ ಕೊಟ್ಟಿದ್ದಾಳೆ. ಸೇವ್ ಕೂಡ ಮಾಡಿದ್ದಾಳೆ!

ನಾನು ಫೈಲ್ ತೆರೆದು ಓದುತ್ತೇನೆ: 1884ರಲ್ಲಿ ಜೆಸಿಬಿ ತರಿಸಿ ಈ ಕೆರೆಯ ಹೂಳೆತ್ತಲಾಯಿತು.

ಬ್ರಿಟಿಷರ ಕಾಲದಲ್ಲಿ ಜೆಸಿಬಿ! ಅದು 1994 ಆಗಬೇಕಿತ್ತು. ನಾನು ನಕ್ಕೆ, ಅವಳು ಅತ್ತಳು. ಪುಣ್ಯಕ್ಕೆ ಅವಳ ಮೇಲ್‌ನಲ್ಲಿ ಹಳೆಯ ಫೈಲ್ ಸಿಕ್ಕಿತು. ಪಕ್ಕದ ಹೋಟೆಲಿನಿಂದ ಫ್ಲಾಸ್ಕ್‌ನಲ್ಲಿ ಟೀ ತರಿಸಿಕೊಂಡು ಕೂತೆವು. ರೆಫರೆನ್ಸಸ್ ಟ್ಯಾಬ್‌ಗೆ ಹೋಗಿ, ಇನ್ಸರ್ಟ್ ಕ್ಯಾಪ್ಷನ್ ಒತ್ತಿ, ನ್ಯೂ ಲೇಬಲ್‌ನಲ್ಲಿ "ಚಿತ್ರ" ಅಂತ ಕೊಟ್ಟೆವು. ಒಂದೊಂದೇ ಚಿತ್ರಕ್ಕೆ ಕ್ಯಾಪ್ಷನ್, ಅಂದರೆ ಕೆಳಗೆ ಬರುವ ನಂಬರು, ವಿವರಣೆಯ ಸಾಲು. ಪಠ್ಯದೊಳಗೆ "ಚಿತ್ರ 23 ನೋಡಿ" ಅಂತ ಇದ್ದ ಕಡೆಯೆಲ್ಲ ಕ್ರಾಸ್ ರೆಫರೆನ್ಸ್, ಅಂದರೆ ಆ ಚಿತ್ರದ ನಂಬರಿಗೇ ಒಂದು ಕೊಂಡಿ. ಮುಗಿದಾಗ ರಾತ್ರಿ ಎರಡು ಗಂಟೆ.

ಬೆಳಗ್ಗೆ ಗೈಡ್ ಫೋನ್. "ಆ ಏಳನೇ ಚಿತ್ರ ಇರಲಿ ಬಿಡಮ್ಮ, ವಾಪಸ್ ಹಾಕು."

ಹಾಕಿದೆವು. ಕ್ಯಾಪ್ಷನ್ ಕೊಟ್ಟು ಕಂಟ್ರೋಲ್ ಎ, ಎಫ್ 9. ಅಷ್ಟೇ. ಚಿತ್ರದ ನಂಬರುಗಳು, ಪಠ್ಯದಲ್ಲಿದ್ದ "ನೋಡಿ"ಗಳು, ಎಲ್ಲ ಜರುಗಿ ತಮ್ಮ ಜಾಗದಲ್ಲಿ ಕೂತವು. ಅವಳು ಪರದೆಯನ್ನೇ ನೋಡುತ್ತಾ ಕೇಳಿದಳು, "ಸಾರ್, ಇದು ಮೊದಲಿಂದಲೂ ಇತ್ತಾ?" ಇತ್ತಮ್ಮ!

ಗುಟ್ಟು ಇಷ್ಟೇ. ಅಲ್ಲಿ ಕಾಣುವ 7 ನಿಜವಾದ ಏಳಲ್ಲ, ಒಂದು ಫೀಲ್ಡ್. ಆಲ್ಟ್ ಎಫ್ 9 ಒತ್ತಿ ನೋಡಿ. ನಂಬರು ಮಾಯವಾಗಿ, ಹೂವಿನ ಬ್ರಾಕೆಟ್ ನಡುವೆ ಎಸ್‌ಇಕ್ಯು ಅಂತ ಕಾಣುತ್ತದೆ. ಸೀಕ್ವೆನ್ಸ್, ಅಂದರೆ ಸರದಿ. ಸಾಲಿನಲ್ಲಿ ನೀನು ಎಷ್ಟನೆಯವನೋ ಎಣಿಸಿ ಹೇಳು ಅನ್ನುವ ಆಜ್ಞೆ ಅದು. ಎಫ್ 9 ಒತ್ತಿದಾಗ ಅದು ಹೊಸದಾಗಿ ಎಣಿಸುತ್ತದೆ. ಮತ್ತೆ ಆಲ್ಟ್ ಎಫ್ 9 ಒತ್ತಿದರೆ ನಂಬರು ವಾಪಸ್. ಆ ಬ್ರಾಕೆಟ್ಟನ್ನು ನೀವೇ ಟೈಪ್ ಮಾಡಿದರೆ ಕೆಲಸ ಮಾಡದು. ಕಂಟ್ರೋಲ್ ಎಫ್ 9 ಒತ್ತಿದರೆ ಬರುವ ಬ್ರಾಕೆಟ್ಟೇ ಬೇಕು.

ಓಹೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಬೇಗ ಬೇಗ ಹೇಳುತ್ತೇನೆ. ಕಂಟ್ರೋಲ್ ಶಿಫ್ಟ್ ಎಫ್ 9 ಮಾತ್ರ ಸುಮ್ನೆ ಒತ್ತಬೇಡಿ, ಫೀಲ್ಡ್ ಹೋಗಿ ಬರೀ ಅಂಕಿ ಉಳಿಯುತ್ತದೆ. ಒತ್ತಿಬಿಟ್ಟರೆ ತಕ್ಷಣ ಕಂಟ್ರೋಲ್ ಝಡ್. ಟೆಕ್ಸ್ಟ್ ಬಾಕ್ಸ್ ಒಳಗಿನ ಕ್ಯಾಪ್ಷನ್‌ಗೆ ಕಂಟ್ರೋಲ್ ಎ ತಲುಪುವುದಿಲ್ಲ, ಅದರೊಳಗೆ ಹೋಗಿ ಬೇರೆಯಾಗಿ ಎಫ್ 9 ಒತ್ತಿ. ಚಿತ್ರಗಳ ಪಟ್ಟಿ ಹಾಕಿದ್ದರೆ, ಎಫ್ 9 ಒತ್ತಿದಾಗ ಹೊಸದು ಮಾಡಬೇಕಾದ್ದು ಪುಟ ಸಂಖ್ಯೆ ಮಾತ್ರವಾ, ಇಡೀ ಪಟ್ಟಿಯಾ ಅಂತ ವರ್ಡ್ ಕೇಳುತ್ತದೆ. ಇಡೀ ಪಟ್ಟಿ ಅನ್ನಿ. ವರ್ಡ್ ಬದಲು ಲಿಬ್ರೆ ಆಫೀಸ್ ಬಳಸುವವರಿಗೂ ಎಫ್ 9 ಕೀಯೇ.

ಹಾಂ, ಲ್ಯಾಪ್‌ಟಾಪ್‌ನಲ್ಲಿ ಎಫ್ 9 ಒತ್ತಿದಾಗ ಪರದೆಯ ಬೆಳಕೋ ಸೌಂಡೋ ಜಾಸ್ತಿ ಆದರೆ ಗಾಬರಿ ಬೇಡ. ಕೆಳಗೆ ಮೂಲೆಯಲ್ಲಿ ಎಫ್‌ಎನ್ ಅಂತ ಒಂದು ಕೀ ಇರುತ್ತದಲ್ವಾ, ಅದನ್ನು ಹಿಡಿದುಕೊಂಡು ಒತ್ತಿ. ನಮಸ್ಕಾರ.