ಹಲ್ಲಿನ ಸಿಮೆಂಟು ಎಲ್ಲಿಗೆ ಸೈ, ಎಲ್ಲಿಗೆ ಅಲ್ಲ

ಎಲ್ಲರಿಗೂ ನಮಸ್ಕಾರ.

ನಮ್ಮ ಉಡುಪಿಯಲ್ಲಿ ಹಲ್ಲಿನ ಡಾಕ್ಟರಾದವರಿಗೆ ಈ ಮಾತು ಕೇಳಿ ಕೇಳಿ ಅಭ್ಯಾಸವಾಗಿದೆ: "ಡಾಕ್ಟ್ರೇ, ಸಿಮೆಂಟ್ ಬೇಡ ಮಾರಾಯ್ರೆ, ಒಳ್ಳೇದು ಹಾಕಿ." ಸಿಮೆಂಟ್ ಅಂದರೆ ಅಗ್ಗದ್ದು, ನಾಲ್ಕು ದಿನದ್ದು, ಲೈಟ್ ಹಿಡಿದು ಗಟ್ಟಿ ಮಾಡುವ ಫಿಲ್ಲಿಂಗೇ ಒಳ್ಳೆಯದು ಅನ್ನುವ ನಂಬಿಕೆ. ಈ ಸಂಜೆ ನಾನು ಆ ಸಿಮೆಂಟಿನ ಪರವಾಗಿ ಮಾತಾಡಲು ಬಂದಿದ್ದೇನೆ. ಅದು ಸೋಲುವ ಜಾಗಗಳನ್ನೂ ಮುಚ್ಚಿಡುವುದಿಲ್ಲ.

ಅದರ ಪೂರ್ತಿ ಹೆಸರು ಗ್ಲಾಸ್ ಅಯನೊಮರ್ ಸಿಮೆಂಟ್. ನಾವು ಜಿಐಸಿ ಅನ್ನುತ್ತೇವೆ. ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ 1960ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಒಂದು ಬಾಟ್ಲಿಯಲ್ಲಿ ಪುಡಿ, ಇನ್ನೊಂದರಲ್ಲಿ ದ್ರವ. ಪುಡಿ ನಿಜಕ್ಕೂ ಗಾಜೇ. ಸಿಲಿಕಾ, ಅಲ್ಯೂಮಿನಾ, ಫ್ಲೋರೈಡ್ ಲವಣಗಳನ್ನು ಸಾವಿರ ಡಿಗ್ರಿಗೂ ಜಾಸ್ತಿ ಬಿಸಿಯಲ್ಲಿ ಕರಗಿಸಿ, ತಣಿಸಿ, ನುಣ್ಣಗೆ ಅರೆದದ್ದು. ದ್ರವದಲ್ಲಿರುವುದು ಪಾಲಿಅಕ್ರಿಲಿಕ್ ಆಮ್ಲ, ಜೊತೆಗೆ ಚೂರು ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಹಣ್ಣಿಗೆ ಹುಳಿ ಕೊಡುವುದೂ ಇದೇ ಟಾರ್ಟಾರಿಕ್ ಆಮ್ಲ! ಎರಡನ್ನೂ ಕಲಸಿದಾಗ ಆಮ್ಲವು ಗಾಜಿನ ಕಣಗಳ ಹೊರಮೈ ತಿಂದು ಕ್ಯಾಲ್ಸಿಯಂ, ಅಲ್ಯೂಮಿನಿಯಂ ಎಳೆದು ತರುತ್ತದೆ. ಇವು ಆಮ್ಲದ ಉದ್ದುದ್ದ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತವೆ. ಕರಗದೆ ಉಳಿದ ಗಾಜು ಕಾಂಕ್ರೀಟಿನೊಳಗಿನ ಜಲ್ಲಿಯ ಹಾಗೆ ಕೂತುಬಿಡುತ್ತದೆ.

ಅದೇ ಆಮ್ಲ ಹಲ್ಲಿನಲ್ಲಿರುವ ಕ್ಯಾಲ್ಸಿಯಂ ಅನ್ನೂ ಹಿಡಿದುಕೊಳ್ಳುತ್ತದೆ. ಅಂದರೆ ಈ ಸಿಮೆಂಟು ಹಲ್ಲಿಗೆ ತಾನಾಗಿ ಅಂಟುತ್ತದೆ. ಬೆಳ್ಳಿ ಫಿಲ್ಲಿಂಗ್ ಹಾಗಲ್ಲ; ಅದು ನಿಲ್ಲಬೇಕಾದರೆ ಒಳಗೆ ಹಿಡಿತ ಸಿಗುವಂತೆ ಒಳ್ಳೆಯ ಹಲ್ಲನ್ನೂ ಸ್ವಲ್ಪ ಕೊರೆಯಬೇಕಾಗುತ್ತದೆ. ಲೈಟಿನ ಫಿಲ್ಲಿಂಗಿಗೆ ಹಲ್ಲಿನ ಮೇಲೆ ಬೇರೆಯೇ ಅಂಟು ಬೇಕು. ಅದು ಗಟ್ಟಿಯಾಗುವ ತನಕ ಜೊಲ್ಲು ತಾಗಬಾರದು. ಐದು ವರ್ಷದ ಮಗುವಿನ ಬಾಯಲ್ಲಿ ಇದು ಸಾಧ್ಯವೇ? ಮಗು ಅಳುತ್ತದೆ, ನಾಲಿಗೆ ಹೊರಳಿಸುತ್ತದೆ. ಅಂಥಲ್ಲಿ ಸಿಮೆಂಟೇ ನನ್ನ ಆಯ್ಕೆ. ಸ್ವಲ್ಪ ಪಸೆ ಇದ್ದರೂ ಅದು ಸಹಿಸಿಕೊಳ್ಳುತ್ತದೆ.

ಕಲಸುವುದನ್ನು ಒಮ್ಮೆ ಗಮನಿಸಿ ನೋಡಿ. ಕೈಯಲ್ಲಿರುವುದು ಪ್ಲಾಸ್ಟಿಕ್ ಚಮಚೆ. ಸ್ಟೀಲಿನದಾದರೆ ಗಾಜಿನ ಪುಡಿ ಅದನ್ನೇ ಉಜ್ಜಿ ಸಿಮೆಂಟಿಗೆ ಬೂದು ಬಣ್ಣ ಬರುತ್ತದೆ. ಅರ್ಧ ನಿಮಿಷದಲ್ಲಿ ಮಿಶ್ರಣ ತಯಾರಾಗಬೇಕು. ಅದರ ಮೇಲೆ ಹೊಳಪು ಇರುವಾಗಲೇ ಹಲ್ಲಿಗೆ ಹಾಕಬೇಕು. ಹೊಳಪು ಹೋಯಿತೋ, ಹಲ್ಲಿಗೆ ಹಿಡಿಯಬೇಕಾದ ಆಮ್ಲ ಮುಗಿಯುತ್ತಾ ಬಂತು ಎಂದರ್ಥ. ಅದನ್ನು ಎಸೆದು ಹೊಸದು ಕಲಸಬೇಕು. ಗಾಜಿನ ಹಲಗೆ ತಂಪಾಗಿದ್ದರೆ ಕಲಸಲು ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ಆದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಫ್ರಿಜ್ಜಿನಿಂದ ತೆಗೆದ ಹಲಗೆಯ ಮೇಲೆ ಕೂಡಲೇ ನೀರು ಬೆವರುತ್ತದೆ. ಆ ನೀರು ಸೇರಿದರೆ ಸಿಮೆಂಟು ದುರ್ಬಲ.

ಹಾಕಿದ ಮೇಲಿನ ಮೊದಲ ದಿನ ಮುಖ್ಯ. ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿ ಅನ್ನಿಸಿದರೂ ಒಳಗಿನ ಕ್ರಿಯೆ ಇಡೀ ದಿನ, ಅದರಾಚೆಗೂ ನಡೆಯುತ್ತದೆ. ಆಗಲೇ ನೀರು ತಾಗಿದರೆ ಮೇಲ್ಮೈ ಕರಗುತ್ತದೆ. ಒಣಗಿದರೆ ಬಿರುಕು ಬಿಡುತ್ತದೆ. ಬಾಯಿ ತೆರೆದು ಉಸಿರಾಡುವ ಮಕ್ಕಳ ಮುಂಬದಿಯ ಫಿಲ್ಲಿಂಗಿಗೆ ಈ ತೊಂದರೆ ಜಾಸ್ತಿ. ಅದಕ್ಕೇ ಮೇಲೆ ವಾರ್ನಿಶ್ ಅಥವಾ ವ್ಯಾಸಲೀನ್ ಸವರುವುದು. ಅವತ್ತು ಆ ಬದಿಯಲ್ಲಿ ಚಕ್ಕುಲಿ ಬೇಡ, ಒಣ ಕೋರಿ ರೊಟ್ಟಿ ಬೇಡ.

ಇದು ಫ್ಲೋರೈಡ್ ಬಿಡುತ್ತದೆ. ಮೊದಲ ಒಂದೆರಡು ದಿನ ಧಾರಾಳವಾಗಿ, ಆಮೇಲೆ ಬಹಳ ಕಾಲ ಚೂರು ಚೂರು. ಫ್ಲೋರೈಡ್ ಇರುವ ಪೇಸ್ಟಿನಿಂದ ಮತ್ತೆ ಸ್ವಲ್ಪ ತುಂಬಿಕೊಳ್ಳುತ್ತದೆ. ಹಾಗಂತ ಸಿಮೆಂಟಿದೆ, ಇನ್ನು ಹುಳುಕಾಗದು ಎಂದು ಹಲ್ಲುಜ್ಜುವುದನ್ನು ಬಿಡಬೇಡಿ. ಅಷ್ಟು ಶಕ್ತಿ ಅದಕ್ಕಿಲ್ಲ.

ಗಟ್ಟಿ ಬ್ರಶ್ಶಿನಲ್ಲಿ ಗಸಗಸ ಉಜ್ಜಿ ವಸಡಿನ ಹತ್ತಿರ ಸವೆದ ಗುಂಡಿಗಳಿಗೆ, ವಯಸ್ಸಾದವರ ಹಲ್ಲಿನ ಬೇರಿನ ಹುಳುಕಿಗೆ, ಕ್ಯಾಪ್ ಅಂಟಿಸಲು, ದೊಡ್ಡ ಫಿಲ್ಲಿಂಗಿನ ಅಡಿಪಾಯಕ್ಕೆ ಇದು ಸರಿ. ಕರೆಂಟು, ಮೆಷಿನ್ನು ಇಲ್ಲದೆಯೂ ನಡೆಯುತ್ತದೆ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಕೈ ಉಪಕರಣಗಳಿಂದಲೇ ಹುಳುಕು ಕೆರೆದು ಹಲ್ಲು ತುಂಬುವ ಪದ್ಧತಿ ಶುರುವಾಯಿತು. ಇವತ್ತು ಅದಕ್ಕೆ ಹೆಚ್ಚಾಗಿ ಬಳಸುವುದು ಗಟ್ಟಿ ಬಗೆಯ ಜಿಐಸಿಯನ್ನೇ. ಬೈಂದೂರಿನ ಕಡೆಯ ಶಾಲೆಯ ಜಗಲಿಯಲ್ಲೂ ಇದನ್ನು ಮಾಡಬಹುದು, ಅಲ್ವಾ?

ಇನ್ನು ದೋಷ. ಇದು ಬೇಗ ಒಡೆಯುತ್ತದೆ, ಬೇಗ ಸವೆಯುತ್ತದೆ. ದೊಡ್ಡವರ ದವಡೆ ಹಲ್ಲಿನ ಗೋಡೆಯೇ ಹೋಗಿದ್ದರೆ, ಮುಂದಿನ ಹಲ್ಲಿನ ಅಂಚು ಮುರಿದಿದ್ದರೆ ಇದನ್ನು ಹಾಕುವುದು ದಂಡ. ಬಣ್ಣವೂ ಸ್ವಲ್ಪ ಮಂಕು. ಸೋಡಾ, ಶರಬತ್ತು ಪದೇ ಪದೇ ಕುಡಿಯುವವರಲ್ಲಿ ಹುಳಿ ಇದನ್ನು ಕೊರೆಯುತ್ತದೆ. ರಾಳ ಬೆರೆಸಿದ ಹೊಸ ಬಗೆ ಇವೆಯಲ್ಲ, ಅವನ್ನೂ ಲೈಟ್ ಹಿಡಿದೇ ಗಟ್ಟಿ ಮಾಡುತ್ತಾರೆ. ಲೈಟ್ ಕಂಡ ಕೂಡಲೇ ಸಿಮೆಂಟ್ ಅಲ್ಲ ಎಂದುಕೊಳ್ಳಬೇಡಿ.

ಬೆಳ್ಳಿ ಫಿಲ್ಲಿಂಗಿನಲ್ಲಿ ಪಾದರಸ ಬೆರೆತಿರುತ್ತದೆ. ಪಾದರಸದ ಬಳಕೆ ತಗ್ಗಿಸುವ 2013ರ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದಿಂದಾಗಿ ಅದು ಹಿಂದೆ ಸರಿಯುತ್ತಿದೆ. ಆದರೆ ನಿಮ್ಮ ಬಾಯಲ್ಲಿ ಹಳೆಯ ಬೆಳ್ಳಿ ಫಿಲ್ಲಿಂಗ್ ಗಟ್ಟಿಯಾಗಿ ಕೂತಿದ್ದರೆ ಸುಮ್ನೆ ತೆಗೆಸಲು ಹೋಗಬೇಡಿ. ಕೊರೆಯುವಾಗ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ.

ಈಗ ನಿಮ್ಮ ಪ್ರಶ್ನೆಗಳು. ಹಿಂದೆ ಕೂತವರು ಸ್ವಲ್ಪ ಜೋರಾಗಿ ಕೇಳಿ, ಫ್ಯಾನಿನ ಸದ್ದು ಜಾಸ್ತಿ.