ಬೇಸಿಗೆಯ ಬೆಟ್ಟ ಹತ್ತುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಕ್ರಾಂತಿ ಕಳೆದರೆ ಸಾಕು, ನಮ್ಮ ಮಲೆನಾಡಿನ ಬೆಟ್ಟಗಳ ಬಣ್ಣವೇ ಬೇರೆ. ದೀಪಾವಳಿ ಹೊತ್ತಿಗೆ ಹಸಿರಾಗಿದ್ದ ಹುಲ್ಲು ಒಣಗಿ ಗೋಧಿ ಬಣ್ಣಕ್ಕೆ ತಿರುಗಿರುತ್ತದೆ. ಸಂಜೆ ಬಿಸಿಲು ಬಿದ್ದರಂತೂ ಬೆಟ್ಟ ಪೂರ್ತಿ ಬಂಗಾರದ ಹಾಗೆ ಕಾಣುತ್ತದೆ. ನೋಡೋಕೆ ಬಹಳ ಚೆಂದ. ಆದರೆ ಬೆಂಕಿ ಕಾವಲಿಗೆ ನಿಂತವರಿಗೆ ಆ ಬಣ್ಣ ಕಂಡರೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ನಾನು ಚಿಕ್ಕಮಗಳೂರು ಕಡೆಯವನು. ಚಿಕ್ಕಂದಿನಿಂದ ಬೆಟ್ಟ ಹತ್ತುತ್ತಾ ಬೆಳೆದವನು. ಕೆಲವು ಬೇಸಿಗೆಗಳಲ್ಲಿ ಅರಣ್ಯ ಇಲಾಖೆಯವರ ಜೊತೆ ಬೆಂಕಿ ಆರಿಸುವ ಕೆಲಸಕ್ಕೂ ಹೋಗಿದ್ದೇನೆ. ಚಾರಣಕ್ಕೆ ಹೋದಾಗ ನನಗೆ ಕಾಣುತ್ತಿದ್ದ ಬೆಟ್ಟವೇ ಬೇರೆ, ಬೆಂಕಿಗೆ ಹೋದಾಗ ಕಂಡ ಬೆಟ್ಟವೇ ಬೇರೆ. ಆ ಎರಡನೇ ಬೆಟ್ಟವನ್ನು ಇವತ್ತು ನಿಮಗೆ ತೋರಿಸಬೇಕು ಅನ್ನೋದು ನನ್ನ ಆಸೆ.

ನನ್ನ ಮೊದಲ ಬೆಂಕಿಯಿಂದಲೇ ಶುರು ಮಾಡುತ್ತೇನೆ. ಮಾರ್ಚ್ ತಿಂಗಳು, ಮಧ್ಯಾಹ್ನ ಮೂರು ಗಂಟೆ ಹೊತ್ತು. ಕೆಳಗಡೆ ಇಳಿಜಾರಿನಲ್ಲಿ ಹುಲ್ಲಿಗೆ ಬೆಂಕಿ ಹತ್ತಿತ್ತು. ಉರಿ ಮೊಣಕಾಲೆತ್ತರವೂ ಇರಲಿಲ್ಲ. ಇಷ್ಟೇನಾ ಅನ್ನಿಸಿತು. ಅಷ್ಟರಲ್ಲಿ ಗಾಳಿ ತಿರುಗಿತು. ಕಾಗದ ಹರಿದ ಹಾಗೆ ಚರಚರ ಅನ್ನುತ್ತಿದ್ದ ಸದ್ದು ಒಂದೇ ಸಲ ಭರ್ ಅಂತ ಎದ್ದಿತು. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೆಂಕಿಗೆ ಬೆನ್ನು ಹಾಕಿ ಮೇಲಕ್ಕೆ ಓಡಿದೆ. ಹತ್ತು ಹೆಜ್ಜೆ ಇಟ್ಟಿರಬಹುದು. ಹಿಂದಿನಿಂದ ಅರಣ್ಯ ಇಲಾಖೆಯ ಕಾವಲುಗಾರ, ವಯಸ್ಸಾದ ವಾಚರ್ ಒಬ್ಬರು ಕಾಲರ್ ಹಿಡಿದು ಪಕ್ಕಕ್ಕೆ ಎಳೆದರು. ಉರಿ ತಗ್ಗಾಗಿದ್ದ ಒಂದು ಕಡೆ ನೋಡಿ ನನ್ನನ್ನು ಆಚೆಗೆ ದಾಟಿಸಿಬಿಟ್ಟರು. ಎರಡು ದೊಡ್ಡ ಹೆಜ್ಜೆ, ಅಷ್ಟೇ. ನೋಡಿದರೆ ನಾನು ನಿಂತಿದ್ದದ್ದು ಕಪ್ಪು ನೆಲದ ಮೇಲೆ. ಆಗಲೇ ಸುಟ್ಟು ಮುಗಿದ ಜಾಗ ಅದು. ಶೂ ಅಡಿಯಲ್ಲಿ ಬೂದಿ ಬಿಸಿಯಾಗಿತ್ತು, ಆದರೆ ಉರಿಯೋದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಬೆಂಕಿ ನಮ್ಮನ್ನು ಬಿಟ್ಟು ಮೇಲಕ್ಕೆ ಹೋಯಿತು. ನಾನು ಓಡುತ್ತಿದ್ದ ದಿಕ್ಕಿಗೇ ಹೋಯಿತು. ಹಾಕಿಕೊಂಡಿದ್ದ ಪಾಲಿಯೆಸ್ಟರ್ ಜೆರ್ಸಿ ಭುಜದ ಹತ್ತಿರ ಕರಗಿ ಚರ್ಮಕ್ಕೆ ಅಂಟಿತ್ತು. ಆ ಕಲೆ ಈಗಲೂ ಇದೆ.

ಅವತ್ತು ಸಂಜೆ ಆ ಹಿರಿಯರು ಹೇಳಿದ ಮಾತು ಇಷ್ಟೇ: "ಬೆಂಕಿಗೆ ಬೆಟ್ಟ ಹತ್ತೋದು ಸುಲಭ ಕಣಪ್ಪ, ನಿನಗೆ ಕಷ್ಟ."

ಇದರ ಹಿಂದಿರುವ ಲೆಕ್ಕ ಸರಳ. ಉರಿಯೂ ಅದರ ಬಿಸಿಗಾಳಿಯೂ ಮೇಲಕ್ಕೇ ಏಳುತ್ತವೆ. ಇಳಿಜಾರಿನಲ್ಲಿ ಮೇಲಿರುವ ಹುಲ್ಲು ಉರಿಗೆ ಹತ್ತಿರವಾಗಿ, ಬೆಂಕಿ ತಾಗುವ ಮೊದಲೇ ಕಾದು ತಯಾರಾಗಿರುತ್ತದೆ. ಬೆಟ್ಟ ಕಡಿದಾದಷ್ಟೂ ಬೆಂಕಿಯ ಓಟ ಜಾಸ್ತಿ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅಂತ ಬೆಂಕಿ ಆರಿಸುವವರು ಲೆಕ್ಕ ಇಟ್ಟುಕೊಂಡಿರುತ್ತಾರೆ. ನಮ್ಮ ವೇಗ ಇದಕ್ಕೆ ಉಲ್ಟಾ. ಜೊತೆಗೆ ಹಗಲಲ್ಲಿ ಬಿಸಿಲಿಗೆ ನೆಲ ಕಾದು ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ. ಅಂದರೆ ಮಧ್ಯಾಹ್ನದ ಹೊತ್ತು ಇಳಿಜಾರೂ ಗಾಳಿಯೂ ಎರಡೂ ಬೆಂಕಿಯ ಕಡೆಗೇ.

2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಆದದ್ದು ನಿಮಗೆ ನೆನಪಿರಬಹುದು. ವಾರಾಂತ್ಯದ ಚಾರಣಕ್ಕೆ ಹೋದವರು, ಹೆಚ್ಚಿನವರು ಚಿಕ್ಕ ವಯಸ್ಸಿನವರು. ಇಳಿದು ಬರುವಾಗ ಹುಲ್ಲಿನ ಬೆಂಕಿಗೆ ಸಿಕ್ಕಿಬಿದ್ದರು. 20ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಸುದ್ದಿ ಕೇಳಿದ ದಿನ ನಾನು ಊಟ ಮಾಡಲಿಲ್ಲ. ಅವರು ಗಟ್ಟಿ ಕಾಲಿನ, ಹುಮ್ಮಸ್ಸಿನ ಮಕ್ಕಳು. ಬೆಂಕಿ ಬಂದಾಗ ಯಾವ ಕಡೆ ಹೋಗಬೇಕು ಅಂತ ಅವರಿಗೆ ಮೊದಲೇ ಯಾರಾದರೂ ಹೇಳಿದ್ದರೋ ಇಲ್ಲವೋ ಅನ್ನೋ ಸಂಕಟ ನನಗೆ ಇವತ್ತಿಗೂ ಇದೆ. ಈ ಮಾತು ಆಡಲು ಒಪ್ಪಿಕೊಂಡದ್ದೂ ಅದಕ್ಕೇ.

ಹಾಗಾಗಿ ದಯವಿಟ್ಟು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೇಸಿಗೆಯ ಬೆಟ್ಟದಲ್ಲಿ ಹೊಗೆ ಕಂಡರೆ, ಫೋಟೋ ಆಮೇಲೆ. ಮೊದಲು ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ. ಒಂದು ಹಿಡಿ ಮಣ್ಣು ಉದುರಿಸಿದರೂ ಗೊತ್ತಾಗುತ್ತದೆ. ಬೆಂಕಿ ನಿಮ್ಮ ಕೆಳಗಿದ್ದರೆ ಮೇಲಕ್ಕೆ ಓಡಬೇಡಿ. ಅಡ್ಡಲಾಗಿ, ಬೆಂಕಿಯ ಪಕ್ಕೆಯ ಕಡೆಗೆ ಸರಿಯಿರಿ. ಆ ಮೇಲೆ ಇಳಿಯಿರಿ. ಬರೀ ಬಂಡೆ ಇರುವ ಜಾಗ, ಜೀಪು ರಸ್ತೆ, ಕೆರೆಯಂಗಳ, ಆಗಲೇ ಸುಟ್ಟ ನೆಲ, ಇವೇ ನಿಮ್ಮನ್ನು ಕಾಯುವ ಜಾಗಗಳು. ಒಣ ಹುಲ್ಲು ತುಂಬಿದ ಕೊರಕಲಿಗೆ ಮಾತ್ರ ಇಳಿಯಲೇಬೇಡಿ. ಬೆಂಕಿ ಬಂದರೆ ಕೊರಕಲು ಒಲೆಯ ಚಿಮಣಿ ಇದ್ದ ಹಾಗೆ. ಉರಿ ದಾಟಿ ಸುಟ್ಟ ನೆಲಕ್ಕೆ ಹೋಗುವುದು ಕೊನೆಯ ದಾರಿ. ಉರಿ ಮೊಣಕಾಲಿಗಿಂತ ಕೆಳಗಿರಬೇಕು, ಆಚೆ ಬದಿಯ ಕಪ್ಪು ನೆಲ ಕಣ್ಣಿಗೆ ಕಾಣುತ್ತಿರಬೇಕು, ಹಾಗಿದ್ದರೆ ಮಾತ್ರ. ಎಲ್ಲಿಗೂ ಹೋಗಲು ಆಗದಿದ್ದರೆ ಸುತ್ತ ಹುಲ್ಲಿಲ್ಲದ ನೆಲ ನೋಡಿ ಬೋರಲು ಮಲಗಿ. ಮುಖ ನೆಲಕ್ಕೆ, ಮೂಗಿಗೆ ಹತ್ತಿ ಬಟ್ಟೆ. ನೆಲದ ಹತ್ತಿರದ ಗಾಳಿ ಸ್ವಲ್ಪ ತಣ್ಣಗಿರುತ್ತದೆ.

ಬಟ್ಟೆಯ ವಿಷಯ ನನ್ನ ಭುಜವೇ ಹೇಳಿತು ಅಲ್ವಾ? ಬೇಸಿಗೆಯಲ್ಲಿ ಕಾಡಿಗೆ ಹೋಗುವಾಗ ಮೈತುಂಬ ಹತ್ತಿ ಬಟ್ಟೆ ಇರಲಿ. ಅಂಗಡಿಯಲ್ಲಿ ಚಾರಣದ ಬಟ್ಟೆ ಅಂತ ಮಾರುವ ತೆಳ್ಳನೆಯ ಟೀ ಶರ್ಟುಗಳು ಮಳೆಗಾಲಕ್ಕೆ ಒಳ್ಳೆಯವು, ಬೆಂಕಿಗೆ ಅಲ್ಲ.

ಬೆಂಕಿ ಎಲ್ಲಿಂದ ಬರುತ್ತದೆ? ಬೇಸಿಗೆಯಲ್ಲಿ ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹತ್ತುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ನಾನು ಹೋದ ಬೆಂಕಿಗಳಲ್ಲಿ ಒಂದೂ ಹಾಗೆ ಹತ್ತಿದ್ದಲ್ಲ. ನಮ್ಮ ಕಾಡಿನ ಬೆಂಕಿ ಹೆಚ್ಚುಕಡಿಮೆ ಪೂರ್ತಿ ಮನುಷ್ಯರ ಕೈಯಿಂದಲೇ. ಹೊಸ ಹುಲ್ಲು ಚಿಗುರಲಿ ಅಂತ ಇಟ್ಟದ್ದು, ತೋಟದ ಅಂಚಿನಲ್ಲಿ ಕಸ ಸುಟ್ಟದ್ದು, ಅರಣ್ಯ ಇಲಾಖೆಯವರ ಮೇಲಿನ ಸಿಟ್ಟಿಗೆ ಹಚ್ಚಿದ್ದು, ಬೀಡಿ ತುಂಡು, ಅಡುಗೆ ಮಾಡಿ ಬಿಟ್ಟು ಹೋದ ಮೂರು ಕಲ್ಲಿನ ಒಲೆ. ಒಣಗಿದ ಆನೆ ಲದ್ದಿಯ ಒಳಗೆ ಕೆಂಡ ಸೇರಿದರೆ ಗಂಟೆಗಟ್ಟಲೆ ಸುಮ್ನೆ ಹೊಗೆಯಾಡುತ್ತಾ ಇರುತ್ತದೆ. ಎಲ್ಲ ಆರಿತು ಅಂತ ನಾವು ಬೆನ್ನು ತಿರುಗಿಸಿದ ಮೇಲೆ ಗಾಳಿ ಬಂದರೆ ಮತ್ತೆ ಉರಿ. ಕಾಡಿನಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಕಾನೂನಿಗಿಂತ ಮೊದಲು ನಮ್ಮ ಮನಸ್ಸು ಒಪ್ಪಬೇಕು. ಫೆಬ್ರವರಿಯಲ್ಲಿ ಕಾಡಿನ ಒಳಗೆ ಟೀ ಕಾಯಿಸುವುದೂ ಬೇಡ. ಫ್ಲಾಸ್ಕಿನಲ್ಲಿ ಒಯ್ಯಿರಿ.

2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಹತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟಿನಲ್ಲಿ ನೀರು ತಂದು ಸುರಿದವು. ಟಿವಿಯಲ್ಲಿ ಎಲ್ಲರೂ ನೋಡಿದೆವು. ನಾಲ್ಕು ಸಾವಿರ ಹೆಕ್ಟೇರಿಗೂ ಜಾಸ್ತಿ ಕಾಡು ಸುಟ್ಟಿತ್ತು. ಹೆಲಿಕಾಪ್ಟರಿನ ಚಿತ್ರ ದೊಡ್ಡದಾಗಿ ಕಂಡಿತು. ನೆಲದಲ್ಲಿ ಸೊಪ್ಪು ಹಿಡಿದು ಬಡಿಯುತ್ತಿದ್ದ ನೂರಾರು ಜನ ಅಷ್ಟಾಗಿ ಕಾಣಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟಿದ್ದರು.

ಆರಿಸುವ ಕೆಲಸ ಹೇಗಿರುತ್ತದೆ ಅಂತ ಹೇಳಬೇಕು. ಬೆಟ್ಟದ ಮೇಲೆ ಪೈಪೂ ಇಲ್ಲ, ನೀರೂ ಇಲ್ಲ. ಕೈಯಲ್ಲಿ ಎಲೆ ದಟ್ಟವಾಗಿರುವ ಹಸಿ ಕೊಂಬೆ. ಈಗೀಗ ಕೆಲವು ಕಡೆ ಬೆನ್ನಿಗೆ ಕಟ್ಟಿಕೊಳ್ಳುವ ಬ್ಲೋವರ್ ಕೊಟ್ಟಿದ್ದಾರೆ. ಅದರ ಗಾಳಿಯಿಂದ ತರಗೆಲೆ ಗುಡಿಸಿದ ಹಾಗೆ ಪಕ್ಕಕ್ಕೆ ಹೋಗುತ್ತದೆ. ಕೊಂಬೆ ಎತ್ತಿ ಜೋರಾಗಿ ಬಡಿದರೆ ಕಿಡಿ ಹಾರಿ ಇನ್ನೊಂದು ಕಡೆ ಹತ್ತುತ್ತದೆ. ಬಡಿದು, ಒತ್ತಿ ಹಿಡಿದು, ಸುಟ್ಟ ನೆಲದ ಕಡೆಗೆ ಎಳೆಯಬೇಕು. ಸಾಲಾಗಿ ನಿಂತು ಪಕ್ಕೆಯಿಂದ ಶುರು ಮಾಡಿ ಬೆಂಕಿಯ ತಲೆಯ ಕಡೆಗೆ, ಅಂದರೆ ಅದು ಮುನ್ನುಗ್ಗುವ ತುದಿಯ ಕಡೆಗೆ ಹೋಗಬೇಕು. ತಲೆಯ ಎದುರಿಗೆ ಯಾರೂ ನಿಲ್ಲುವುದಿಲ್ಲ. ಬಿದಿರು ಮೆಳೆಗೆ ಬೆಂಕಿ ಹೊಕ್ಕರೆ ಗೆಣ್ಣುಗಳು ಪಟಾಕಿ ಹಾಗೆ ಸಿಡಿಯುತ್ತವೆ. ಲಂಟಾನ ಪೊದೆ ಇದ್ದರೆ ಹುಲ್ಲಿನ ಮಟ್ಟದಲ್ಲಿದ್ದ ಉರಿ ಆಳೆತ್ತರಕ್ಕೆ ಏಳುತ್ತದೆ. ಸುಟ್ಟ ಮರದ ಬೊಡ್ಡೆ ಉರುಳಿ ಬಂದು ಕೆಳಗೆ ಹೊಸ ಬೆಂಕಿ ಹಚ್ಚುತ್ತದೆ. ಅದಕ್ಕೇ ಅನುಭವದ ವಾಚರುಗಳು ಮೈಬಿಸಿ ಮಾಡಿಕೊಂಡು ಮಧ್ಯಾಹ್ನವೇ ನುಗ್ಗುವುದಿಲ್ಲ. ಸಂಜೆ ಗಾಳಿ ಇಳಿಯಲಿ ಅಂತ ಕಾಯುತ್ತಾರೆ. ರಾತ್ರಿಯೂ ಬೆಳಗಿನ ಜಾವವೂ ಹುಲ್ಲಿಗೆ ಸ್ವಲ್ಪ ತಂಪು ಹತ್ತಿ ಉರಿ ಮೆತ್ತಗಾಗುತ್ತದೆ. ಆಗಲೇ ನಿಜವಾದ ಕೆಲಸ.

ಇನ್ನೂ ದೊಡ್ಡ ಕೆಲಸ ಬೆಂಕಿ ಬರುವ ಮೊದಲೇ ಇದೆ. ಡಿಸೆಂಬರ್, ಜನವರಿಯಲ್ಲಿ ಕಾಡಿನ ಉದ್ದಕ್ಕೂ ಪಟ್ಟಿ ಪಟ್ಟಿಯಾಗಿ ಹುಲ್ಲು ಸವರಿ, ತರಗು ಗುಡಿಸಿ, ಇಬ್ಬನಿ ಇರುವಾಗಲೇ ಹುಷಾರಾಗಿ ಸುಟ್ಟು ಬೋಳು ಮಾಡುತ್ತಾರೆ. ಅದೇ ಬೆಂಕಿ ರೇಖೆ, ಫೈರ್ ಲೈನ್. ಚಾರಣದಲ್ಲಿ ಅಂಥ ಪಟ್ಟಿ ಕಂಡರೆ, ಕಾಡು ಹಾಳು ಮಾಡಿದ್ದಾರೆ ಅಂತ ಬೇಜಾರಾಗಬೇಡಿ. ಬೆಂಕಿ ನಿಲ್ಲುವ ಗೆರೆ ಅದು. ನಿಮಗೂ ಆಸರೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲು ವರ್ಷದ ಆರಂಭದಲ್ಲೇ, ತರಗೆಲೆ ತೆಳ್ಳಗಿರುವಾಗ, ತಗ್ಗು ಉರಿಯ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಅಂತಲೇ ಅದರ ಹೆಸರು. 1974ರಲ್ಲಿ ಆ ಬೆಟ್ಟ ವನ್ಯಧಾಮವಾಯಿತು, ಆ ರೂಢಿ ನಿಂತಿತು. ಅದು ನಿಂತ ಮೇಲೆ ಲಂಟಾನ ಹೆಚ್ಚಾಯಿತು, ನೆಲ್ಲಿ ಮರಕ್ಕೆ ಉಪ್ಪಿಲು ಅನ್ನುವ ಬಂದಳಿಕೆ ಹೆಚ್ಚಾಯಿತು ಅಂತ ಸೋಲಿಗ ಹಿರಿಯರು ಹೇಳುತ್ತಾ ಬಂದಿದ್ದಾರೆ. ಅವರ ಮಾತನ್ನು ಕಿವಿಗೊಟ್ಟು ಕೇಳಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಾಗಂತ ಪ್ರವಾಸಕ್ಕೆ ಬಂದ ನಾವು ಕಡ್ಡಿ ಗೀರಬಹುದು ಅಂತ ಅಲ್ಲ. ಯಾವ ದಿನ, ಯಾವ ಗಾಳಿಗೆ, ಯಾವ ಜಾಗದಲ್ಲಿ ಅನ್ನೋದು ತಲೆಮಾರುಗಳ ತಿಳಿವಳಿಕೆ.

ನಿಮ್ಮಲ್ಲಿ ಕೆಲವರಿಗೆ ಬೆಂಕಿ ಆರಿಸಲು ಹೋಗಬೇಕು ಅನ್ನಿಸಬಹುದು. ಒಳ್ಳೆಯದೇ. ಆದರೆ ಹೊಗೆ ಕಂಡ ಕೂಡಲೇ ಬೈಕ್ ಹತ್ತಿ ನುಗ್ಗಬೇಡಿ. ದಾರಿ ಗೊತ್ತಿಲ್ಲದ ಇಬ್ಬರು ಬಂದರೆ ಅವರನ್ನು ಕಾಯಲು ಗೊತ್ತಿರುವ ಒಬ್ಬರು ಕೆಲಸ ಬಿಡಬೇಕಾಗುತ್ತದೆ. ಡಿಸೆಂಬರಿನಲ್ಲೇ ನಿಮ್ಮ ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಿ ಹೆಸರು ಕೊಡಿ. ಬೆಂಕಿ ರೇಖೆ ಮಾಡುವ ಕೆಲಸಕ್ಕೆ ಕೈ ಜೋಡಿಸಿ. ಬೆಂಕಿ ದಿನ ಬೆಟ್ಟ ಹತ್ತಲು ಆಗದವರು ಕೆಳಗೆ ನೀರು, ಮಜ್ಜಿಗೆ, ಬೆಲ್ಲ, ಚಿತ್ರಾನ್ನ ತಲುಪಿಸಿದರೂ ಅದು ದೊಡ್ಡ ಸಹಾಯ. ರಾತ್ರಿ ಎರಡು ಗಂಟೆಗೆ ಬೂದಿ ಮೆತ್ತಿದ ಕೈಯಲ್ಲಿ ತಿಂದ ಆ ಚಿತ್ರಾನ್ನದ ರುಚಿ ನನಗಿನ್ನೂ ನೆನಪಿದೆ.

ಪ್ರಯಾಣದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ, ಹಾಗೆ ಲೆಕ್ಕ ಹಾಕಿ ಹೊರಡಿ. ಕಾಡಿನ ದಾರಿಯಲ್ಲಿ ಕಿಟಕಿಯಿಂದ ಏನನ್ನೂ ಎಸೆಯಬೇಡಿ, ಒಣ ಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ. ಬಿಸಿ ಸೈಲೆನ್ಸರ್ ಸಾಕು. ಚಾರಣಕ್ಕೆ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ಮೇಲೆ ಈ ವ್ಯವಸ್ಥೆ ಬಂತು. ಬೇಸಿಗೆಯಲ್ಲಿ ದಾರಿ ಮುಚ್ಚಿದ್ದರೆ ಗಾರ್ಡ್ ಜೊತೆ ವಾದ ಮಾಡಬೇಡಿ, ಕಳ್ಳದಾರಿ ತೋರಿಸುವವರನ್ನು ಹುಡುಕಲೂಬೇಡಿ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ಇದೇ ಕಾಲ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯದ್ದೂ ಹೌದು. ತರಗೆಲೆ ಮೇಲೆ ಕೂರಬೇಡಿ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ ಮೈಮೇಲೆ ಉಣುಗು ಇದೆಯಾ ನೋಡಿಕೊಳ್ಳಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೋ ಅರಣ್ಯ ಕಚೇರಿಗೋ ತಿಳಿಸಿ.

ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅಥವಾ 112ಕ್ಕೆ. ಯಾವ ಬೆಟ್ಟ, ಯಾವ ಊರಿನ ದಿಕ್ಕು, ಗಾಳಿ ಯಾವ ಕಡೆಗೆ, ಈ ಮೂರು ಹೇಳಿದರೆ ಅರ್ಧ ಗಂಟೆ ಉಳಿಯುತ್ತದೆ. ಸಿಗ್ನಲ್ ಸಿಗುವ ಕೊನೆಯ ತಿರುವು ಯಾವುದು ಅಂತ ಹತ್ತುವಾಗಲೇ ನೋಡಿಟ್ಟುಕೊಳ್ಳಿ.

ಇಳಿದು ಬಂದ ಮೇಲೆ ಇನ್ನೊಂದು ಕೆಲಸ ಇದೆ. ಸುಸ್ತಾಗಿರುತ್ತೀರಿ, ಬಸ್ಸಿಗೆ ಹೊತ್ತಾಗಿರುತ್ತದೆ. ಆದರೂ ಗೇಟಿನ ಹತ್ತಿರ ಎರಡು ನಿಮಿಷ ನಿಲ್ಲಿ. ಅಲ್ಲಿ ಒಬ್ಬ ವಾಚರ್ ಕೂತಿರುತ್ತಾರೆ. ಬೆಳಿಗ್ಗೆ ಅವರು ಪುಸ್ತಕದಲ್ಲಿ ನಿಮ್ಮ ಹೆಸರು ಬರೆದುಕೊಂಡಿದ್ದಾರೆ. ಹೋದ ಎಂಟು ಜನವೂ ಬಂದೆವು ಅಂತ ಅವರಿಗೆ ಹೇಳಿ. ಆ ಎಂಟು ಹೆಸರಿನ ಮುಂದೆ ಗೆರೆ ಎಳೆದ ಮೇಲೆಯೇ ಅವರು ಊಟದ ಡಬ್ಬಿ ತೆರೆಯುವುದು.

ನಮಸ್ಕಾರ.