ಹೆಸರು ಆಮೇಲೆ, ಮೊದಲು ಎಲ್ಲಿ ಸಿಕ್ಕಿತು ಹೇಳಿ

ನಮಸ್ಕಾರ. ಮಡಿಕೇರಿಯಲ್ಲಿ ಬೆಳಗ್ಗೆಯಿಂದ ಬಿಟ್ಟೂಬಿಡದ ಮಳೆ. ಹೆಂಚಿನ ಸದ್ದು ಮೈಕ್‌ನಲ್ಲಿ ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ಈ ಚಾನೆಲ್‌ನಲ್ಲಿ ನಾವು ನೋಡುವುದು ಪಳೆಯುಳಿಕೆ, ಅಂದರೆ ಕಲ್ಲಾಗಿ ಉಳಿದ ಹಳೆಯ ಕಾಲದ ಹಲ್ಲು, ಮೂಳೆ. ಕಳೆದ ವಿಡಿಯೊಗೆ ಒಂದು ಹಲ್ಲಿನ ಫೋಟೋ ಜೊತೆ ಕಮೆಂಟ್ ಬಂದಿತ್ತು. "ಅಣ್ಣಾ, ಈ ಹಲ್ಲು ಮೆಗಲೊಡಾನ್ ಶಾರ್ಕ್‌ದು ಅಲ್ವಾ? ಸುಮ್ನೆ ಹೌದು, ಇಲ್ಲ ಅಂತ ಹೇಳಿ ಸಾಕು." ಎಲ್ಲಿ ಸಿಕ್ಕಿತು ಅಂತ ಕೇಳಿದೆ. "ಅದೆಲ್ಲ ಯಾಕಣ್ಣಾ, ಫೋಟೋ ನೋಡಿದರೆ ಗೊತ್ತಾಗಲ್ವಾ?"

ಗೊತ್ತಾಗಲ್ಲ! ಎಷ್ಟೋ ಜಾತಿಯ ಶಾರ್ಕ್‌ಗಳ ಹಲ್ಲು ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಎರಡು ಸಲ ಕೇಳಿದ ಮೇಲೆ ಊರು ಹೇಳಿದರು, ತಮಿಳುನಾಡಿನ ಅರಿಯಲೂರಿನ ಕಡೆಯ ಕಾರೈ. ಅಲ್ಲಿನ ಜೇಡಿ ಪದರ 9 ಕೋಟಿ ವರ್ಷಕ್ಕೂ ಹಳೆಯದು. ಮೆಗಲೊಡಾನ್ ಅನ್ನುವ, ಈಗ ಅಳಿದುಹೋದ ದೈತ್ಯ ಶಾರ್ಕ್ ಹುಟ್ಟಿದ್ದು ಸುಮಾರು 2.3 ಕೋಟಿ ವರ್ಷದ ಹಿಂದೆ. ಊರಿನ ಹೆಸರು ಬಂದ ಕೂಡಲೇ ಪ್ರಶ್ನೆ ಮುಗಿಯಿತು ನೋಡಿ.

ನಮ್ಮ ಕೊಡಗಿನದ್ದೇ ತೆಗೆದುಕೊಳ್ಳಿ. ತೋಟದ ತೋಡಿನಲ್ಲಿ ಸಿಕ್ಕ ಕಲ್ಲನ್ನು ತಂದು "ಮೀನಿನ ಮುಳ್ಳು" ಅಂತ ತೋರಿಸುತ್ತಾರೆ. ಕಪ್ಪು ಕವಲು ಕವಲು ಗೆರೆ, ನೋಡಲು ಬಹಳ ಚೆಂದ. ಅದು ಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಇಳಿದು ಹರಡಿದ ಗುರುತು. ಇಲ್ಲಿನ ಬಂಡೆಗಳಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಮೀನುಗಳು ಬಂದದ್ದೇ ಸುಮಾರು 50 ಕೋಟಿ ವರ್ಷದ ಹಿಂದೆ. ಮೀನೇ ಇಲ್ಲದ ಕಾಲದ ಕಲ್ಲಿನಲ್ಲಿ ಮೀನಿನ ಮುಳ್ಳು ಎಲ್ಲಿಂದ ಬರಬೇಕು? ಮತ್ತೆ ಅದೇ ಮಾತು. ಎಲ್ಲಿ ಸಿಕ್ಕಿತು?

ಹಾಗಂತ ಚೂರನ್ನು ನೋಡುವುದೇ ಬೇಡ ಅಂತಲ್ಲ. ನಾಳೆ ಮನೆಗೆ ಬಂಗುಡೆ ತಂದರೆ ಬೆನ್ನಿನ ಮುಳ್ಳು ಎಸೆಯಬೇಡಿ. ಬೇಯಿಸಿ, ತೊಳೆದು ಒಣಗಿಸಿ. ಒಂದೊಂದು ಮಣಿಯನ್ನೂ ಬಿಡಿಸಿ ನೋಡಿ, ಎರಡೂ ಕಡೆ ಬಟ್ಟಲಿನ ಹಾಗೆ ಕುಳಿ ಇರುತ್ತದೆ. ಕಲ್ಲಾದ ಮೀನಿನ ಬೆನ್ನುಮಣಿಯಲ್ಲೂ ಅದೇ ಕುಳಿ. ಶಾರ್ಕ್ ಹಲ್ಲಾದರೆ ಮೇಲಿನ ಭಾಗ ನುಣುಪು, ಬೇರಿನ ಭಾಗ ಒರಟು. ಶಾರ್ಕಿನ ಅಸ್ಥಿಪಂಜರವೆಲ್ಲ ಮೃದ್ವಸ್ಥಿ, ಅಂದರೆ ಮೆತ್ತನೆಯ ಎಲುಬು, ಬೇಗ ಕೊಳೆಯುತ್ತದೆ. ಅದಕ್ಕೇ ಉಳಿಯುವುದು ಹೆಚ್ಚಾಗಿ ಹಲ್ಲು ಮಾತ್ರ. ಇನ್ನು ವಜ್ರಾಕಾರದ, ಪಾಲಿಶ್ ಹಾಕಿದಂತೆ ಹೊಳೆಯುವ ದಪ್ಪ ಹುರುಪೆಗಳಿವೆ. ತೆಲಂಗಾಣದ ಕೋಟಾ ಸುಣ್ಣಕಲ್ಲಿನಲ್ಲಿ ಸಿಕ್ಕ ಜುರಾಸಿಕ್ ಕಾಲದ ಮೀನುಗಳಿಗೆ ಅಂಥ ಹುರುಪೆ ಇತ್ತು. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸು ಬರುವುದಿಲ್ಲ. ಆದರೆ ಇಷ್ಟರಿಂದ ಗೊತ್ತಾಗುವುದು ಹಲ್ಲೋ, ಮೂಳೆಯೋ, ಹುರುಪೆಯೋ ಅನ್ನುವುದು. ಯಾವ ಮೀನು ಅಂತ ಹೇಳಲು ಜಾಗ ಬೇಕೇ ಬೇಕು.

ಬೆನ್ನುಮಣಿಗಳನ್ನು ಹತ್ತಿರದಿಂದ ತೋರಿಸುವ ವಿಡಿಯೊ ಮುಂದಿನ ವಾರ ಬರುತ್ತದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ, ಗಂಟೆ ಒತ್ತಿ.

"ಆ್ಯಪ್ ಇದೆಯಲ್ಲ, ಫೋಟೋ ಹಾಕಿದರೆ ಹೆಸರು ಬರುತ್ತೆ" ಅನ್ನುವವರಿಗೆ ಒಂದೇ ಮಾತು. ಆ ಆ್ಯಪ್‌ಗೆ ಕಾರೈಯಿಂದ ಬಂದ ಹಲ್ಲು ಯಾವುದು, ಅಂಗಡಿಯಿಂದ ಬಂದದ್ದು ಯಾವುದು ಅಂತ ಗೊತ್ತಾ? ಅಂಗಡಿ ಹಲ್ಲುಗಳಲ್ಲಿ ಒಂದರ ಬೇರಿಗೆ ಇನ್ನೊಂದರ ತುದಿ ಅಂಟಿಸಿದ್ದೂ ಇರುತ್ತದೆ. ಅದಕ್ಕೂ ಆ್ಯಪ್ ಹೆಸರು ಕೊಡುತ್ತದೆ!

ನನ್ನ ಮೊದಲ ಡಬ್ಬಿ ಇಲ್ಲೇ ಮೇಜಿನ ಮೇಲಿದೆ. ಮೂರು ಪ್ರವಾಸದ ಚೂರುಗಳು ಒಟ್ಟಿಗೆ ಸೇರಿಹೋಗಿವೆ. ಒಂದು ಚೀಟಿಯೂ ಇಲ್ಲ. ಒಳ್ಳೆಯ ಹಲ್ಲುಗಳಿವೆ ಅದರಲ್ಲಿ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟು ಕೂಗುತ್ತಿದ್ದೇನೆ. ಚೀಟಿ ಬರೆಯಿರಿ! ಊರು, ತಾರೀಖು, ಯಾವ ಪದರ. ಅಲ್ಲೇ ಕೂತು ಬರೆಯಿರಿ, ಮನೆಗೆ ಬಂದ ಮೇಲೆ ಅಲ್ಲ.

ಫೋಟೋ ಕಳಿಸಿ, ಖುಷಿಯಿಂದ ನೋಡುತ್ತೇನೆ. ಮೊದಲ ಸಾಲಿನಲ್ಲೇ ಊರಿನ ಹೆಸರಿರಲಿ. ಇಲ್ಲದಿದ್ದರೆ ನನ್ನ ಉತ್ತರ ನಿಮಗೆ ಈಗಾಗಲೇ ಗೊತ್ತು. ಎಲ್ಲಿ ಸಿಕ್ಕಿತು?